ನೆರಿಗೆ ಥಲ್ಲಸನ ಸಿಟ್ಟು

ಥಲ್ಲಸನನ್ನು ನಾನು ಮೊದಲು ನೋಡಿದ್ದು ಅವನು ನಡುಬೀದಿಯಲ್ಲಿ ಗುರುತಿಲ್ಲದ ಒಬ್ಬನಿಗೆ ಬೈಯುತ್ತಿದ್ದಾಗ. ದೊಡ್ಡ ಮನುಷ್ಯರ ಬಾಗಿಲಿಗೆ ಹೋಗಿ ನಮಸ್ಕಾರ ಹೇಳಿಬರಲು ಬಡವರೆಲ್ಲ ರೋಮಿನ ಪ್ರಜೆಗಳಷ್ಟೇ ಉಡಬಹುದಾದ ಟೋಗಾ ಸುತ್ತಿಕೊಂಡು ಓಡುವ ಬೆಳಗಿನ ಹೊತ್ತದು. ಅವರಲ್ಲೊಬ್ಬ ಟೋಗಾದ ತುದಿಯನ್ನು ಕೆಸರಿನಲ್ಲಿ ಎಳೆದುಕೊಂಡೇ ನನ್ನ ಅಂಗಡಿ ದಾಟುತ್ತಿದ್ದ. ಬರೀ ಅಂಗಿ ತೊಟ್ಟಿದ್ದ ಕುಳ್ಳನೊಬ್ಬ ಅವನ ಭುಜ ಹಿಡಿದು ನಿಲ್ಲಿಸಿದ.

"ಏನಯ್ಯಾ ಇದು? ಉಟ್ಟಿದೀಯೋ, ಇಲ್ಲಾ ಒಗೆಯೋಕೆ ಹೊತ್ಕೊಂಡ್ ಹೋಗ್ತಿದೀಯೋ?"

"ಬಿಡಯ್ಯಾ, ಹೊತ್ತಾಯ್ತು."

"ಹಿಂಗೇ ಹೋದ್ರೆ ಬಾಗಿಲು ಕಾಯೋನೇ ನಿನ್ನ ಒಳಗೆ ಬಿಡಲ್ಲ. ಬಲಗೈ ಎತ್ತು. ಬಲಗೈ ಅಂದೆ! ನಿಮ್ಮಪ್ಪ ಇದನ್ನೂ ಹೇಳ್ಕೊಡ್ಲಿಲ್ವಾ?"

ಅಷ್ಟರಲ್ಲಿ ಬಟ್ಟೆ ಬಿಚ್ಚಿಯಾಗಿತ್ತು. ಮೂರು ಆಳುದ್ದದ ಉಣ್ಣೆ ಗಾಳಿಯಲ್ಲಿ ಒಮ್ಮೆ ಹಾರಿ ಎಡಭುಜದ ಮೇಲೆ ಕೂತಿತು, ಬೆನ್ನ ಹಿಂದೆ ಹಾದು ಬಲಕಂಕುಳ ಕೆಳಗೆ ನುಸುಳಿತು, ಎದೆಯ ಮೇಲೆ ಮಡಿಲಾಗಿ ಇಳಿಯಿತು. ಗುಂಡಿಯಿಲ್ಲ, ಸೂಜಿಯಿಲ್ಲ. ನಾನು ಒಂದು ಹೊಲಿಗೆ ಹಾಕಿ ಮುಗಿಸುವಷ್ಟರಲ್ಲಿ ಆ ಬಡಪಾಯಿ ಊರಿಗೆ ದೊಡ್ಡವನಂತೆ ಕಾಣತೊಡಗಿದ್ದ. ತಿರುಗಿಯೂ ನೋಡದೆ ಓಡಿಹೋದ.

"ಹುಟ್ಟಿದ್ದಕ್ಕೇ ಸಿಕ್ಕ ಹಕ್ಕು, ಉಡೋಕ್ ಬರಲ್ಲ ಮುಂಡೇಗಂಡನಿಗೆ," ಎಂದು ಕುಳ್ಳ ಉಗಿದ.

ನನಗೆ ನಗು ತಡೆಯಲಾಗಲಿಲ್ಲ. ಅವನು ನನ್ನ ಕಡೆ ತಿರುಗಿದ.

"ನೀನೂ ರೋಮಿನ ಪ್ರಜೆಯೇನು?"

"ಹೂಂ. ಪೆಡಿಯಸ್ ಅಂತ. ಮೆಟ್ಟು ಹೊಲಿಯೋನು."

"ನಿನ್ನ ಟೋಗಾ ಎಲ್ಲಿ?"

ಮೂಲೆಯಲ್ಲಿ ಚರ್ಮದ ರಾಶಿಗೆ ಧೂಳು ಕೂರದಂತೆ ಹೊದಿಸಿದ್ದ ನಮ್ಮಪ್ಪನ ಟೋಗಾವನ್ನು ತೋರಿಸಿದೆ. ಅವನ ಮುಖ ಕೆಂಪಾದ ರೀತಿ ನೋಡಿ ಹೊಡೆದೇಬಿಡುತ್ತಾನೆ ಎಂದುಕೊಂಡೆ. ಹೊಡೆಯಲಿಲ್ಲ. ಒಳಗೆ ಬಂದು ಅದನ್ನೆತ್ತಿ ಕೊಡವಿ, ಮಡಿಸಿ, ನನ್ನ ಮಡಿಲಿಗೆ ಎಸೆದು ಹೋದ. ಮಾರನೇ ದಿನ ಮತ್ತೆ ಬಂದ. ನನ್ನ ಅಂಗಡಿಯ ಪಕ್ಕದ ಗೂಡನ್ನು ಅವನೇ ಹಿಡಿದಿದ್ದ. ಬೆಳಿಗ್ಗೆ ಓಡುವ ಜನಕ್ಕೆ ಟೋಗಾ ಉಡಿಸುವುದೇ ಅವನ ಕಸುಬು. ಬೀದಿ ಅವನನ್ನು ನೆರಿಗೆ ಥಲ್ಲಸ್ ಎಂದು ಕರೆಯಿತು. ಊರಿಗೆಲ್ಲ ಟೋಗಾ ಉಡಿಸುವ ಅವನಿಗೆ ಮಾತ್ರ ಅದನ್ನು ಉಡುವ ಹಕ್ಕಿರಲಿಲ್ಲ.

ಆ ಕತೆಯನ್ನು ಅವನು ನನಗೆ ಹೇಳಿದ್ದು ಒಂದೇ ಸಲಕ್ಕಲ್ಲ. ತುಂಡು ತುಂಡಾಗಿ, ಪ್ರತಿ ಸಲವೂ ಹಲ್ಲು ಕಡಿಯುತ್ತ ಹೇಳಿದ.

ಅವನು ವಕೀಲ ವಿಬಿಯಸನ ಮನೆಯಲ್ಲಿ ಹುಟ್ಟಿದ ಆಳು. ತಾಯಿ ಅದೇ ಮನೆಯಲ್ಲಿ ನೂಲುತ್ತಿದ್ದಳು. ಒಂಬತ್ತು ವರ್ಷಕ್ಕೇ ಅವನ ಕೈಗೆ ದಣಿಯ ಟೋಗಾ ಬಂತು. ಸಂಜೆ ನೀರು ಚಿಮುಕಿಸಿ ಹಲಗೆಗಳ ನಡುವೆ ನೆರಿಗೆ ಕೂರಿಸುವುದು, ಬೆಳಿಗ್ಗೆ ಉಡಿಸುವುದು. ಹೀಗೆ ಮೂವತ್ತು ವರ್ಷ. ವಿಬಿಯಸ್ ವಾದದ ಕೊನೆಯಲ್ಲಿ ಕೈ ಎತ್ತಿದಾಗ ಬಟ್ಟೆ ಭುಜದಿಂದ ಒಂದು ಗೇಣಷ್ಟೇ ಜಾರಿ ನಿಲ್ಲುತ್ತಿತ್ತು. ಅನ್ಯಾಯ ಕಂಡು ಮೈಮೇಲಿನ ಪರಿವೆ ತಪ್ಪಿದವನಂತೆ ಕಾಣುತ್ತಿದ್ದ. ಜನ ಅದಕ್ಕೇ ಅಳುತ್ತಿದ್ದರು. ಗೇಣಿನ ಲೆಕ್ಕ ಥಲ್ಲಸನದು.

ಒಂದು ಬೇಸಿಗೆಯ ಊಟದಲ್ಲಿ ದ್ರಾಕ್ಷಾರಸ ತಲೆಗೇರಿ ವಿಬಿಯಸ್ ಗೆಳೆಯರ ಮುಂದೆ ಕೂಗಿ ಹೇಳಿದ: "ಇವತ್ತಿನಿಂದ ಥಲ್ಲಸ್ ಸ್ವತಂತ್ರ!" ಎಲ್ಲರೂ ಚಪ್ಪಾಳೆ ತಟ್ಟಿದರು. ಬೆಳಿಗ್ಗೆ ಅಲ್ಲೇ ಉಳಿದಿದ್ದ ಗೆಳೆಯನೊಬ್ಬ ನಗುತ್ತ ತಿಳಿಸಿಹೇಳಿದ. ನ್ಯಾಯಾಧಿಕಾರಿಯ ಎದುರು ಆದರೆ ಮಾತ್ರ ಪೂರ್ತಿ ಬಿಡುಗಡೆ. ಗೆಳೆಯರ ಮುಂದೆ ಆಡಿದ ಮಾತಿಗೆ ಅರ್ಧವೇ. ಬದುಕಿರುವಷ್ಟು ದಿನ ಸ್ವತಂತ್ರ, ಸತ್ತ ಕ್ಷಣ ಮತ್ತೆ ಆಳು. ಕೂಡಿಟ್ಟದ್ದೆಲ್ಲ ಹೆಂಡತಿ ಮಕ್ಕಳಿಗಲ್ಲ, ದಣಿಯ ಮನೆಗೆ. ಪ್ರಜೆಯಲ್ಲ, ಆದ್ದರಿಂದ ಟೋಗಾ ಇಲ್ಲ.

ಥಲ್ಲಸ್ ನೇರ ದಣಿಯ ಹತ್ತಿರ ಹೋದ.

"ದಣಿ, ನ್ಯಾಯಾಧಿಕಾರಿ ಹತ್ರ ಯಾವಾಗ ಹೋಗೋದು?"

"ಯಾಕೋ? ಹೇಳಿದ್ನಲ್ಲ ನೀನು ಸ್ವತಂತ್ರ ಅಂತ."

"ಅಲ್ಲಿ ಹೇಳಿದ್ರೇ ಪೂರ್ತಿಯಂತೆ ದಣಿ."

"ಅಯ್ಯೋ, ಈ ಬಿಸಿಲಲ್ಲಿ ಟೋಗಾ ಸುತ್ಕೊಂಡು ಅಲ್ಲೀವರೆಗೆ ಯಾರು ಹೋಗ್ತಾರೋ! ಬಿಸಿಲು ಇಳೀಲಿ, ನೋಡೋಣ."

ಈ ಜಾಗಕ್ಕೆ ಬಂದಾಗಲೆಲ್ಲ ಥಲ್ಲಸ್ ಹಲಗೆಗೆ ಗುದ್ದಿ ಕೂಗುತ್ತಿದ್ದ. "ಆರು ನೂರು ಹೆಜ್ಜೆ, ಪೆಡಿಯಸ್. ಎಣಿಸಿದೀನಿ ನಾನು. ಅದೇ ಬಟ್ಟೆ ಉಡಿಸಿ ಉಡಿಸಿ ನನ್ನ ಬೆರಳು ಸವೆದ್ವು. ಅವನಿಗೆ ಆರು ನೂರು ಹೆಜ್ಜೆ ಅದನ್ನ ಹೊರೋದು ಭಾರವಾಯ್ತು. ಸ್ನಾನದ ಮನೇಲಿ ಮೂರು ದಿನಕ್ಕೊಂದ್ಸಲ ಅದೇ ನ್ಯಾಯಾಧಿಕಾರಿ ಜೊತೆ ಎಣ್ಣೆ ಉಜ್ಜಿಸ್ಕೋತಿದ್ದ. ಅಲ್ಲಿ ಹೇಳಿದ್ರೂ ಸಾಕಿತ್ತು. ಬರೀ ಮೈಯಲ್ಲಿ ಹೇಳಿದ್ರೂ ಸಾಕಿತ್ತು!"

ಬಿಸಿಲು ಇಳಿಯುವ ಮೊದಲೇ ವಿಬಿಯಸ್ ಜ್ವರ ಬಂದು ಸತ್ತ. ಉಯಿಲಿನಲ್ಲಿ ಥಲ್ಲಸನ ಹೆಸರಿರಲಿಲ್ಲ. ಮಗ ಪೈಟಸ್ ಹೇಳಿಕಳಿಸಿದ: ಅಪ್ಪನಿಗೆ ಕೊನೆಯ ಸಲ ನೀನೇ ಉಡಿಸಬೇಕು. ಥಲ್ಲಸ್ ಹೋದ. ಹೆಣ ಕೈ ಎತ್ತುವುದಿಲ್ಲ, ತಿರುಗುವುದಿಲ್ಲ. ಬಾಗಿಲು ಹಾಕಿಕೊಂಡು ಅದನ್ನು ಉರುಳಿಸಿ ಉರುಳಿಸಿ, ಜೋರಾಗಿ ಬೈಯುತ್ತ ಉಡಿಸಿದನಂತೆ. ಬಾಯಿಗೆ ಬಂದ ಬೈಗುಳವೆಲ್ಲ ಮುಗಿದಾಗ ನೆರಿಗೆಗಳೂ ಮುಗಿದಿದ್ದವು. ಅಷ್ಟು ಚೆಂದ ಅವನು ಯಾವತ್ತೂ ಉಡಿಸಿರಲಿಲ್ಲ. ಶವಯಾತ್ರೆಯಲ್ಲಿ ಹೆಂಗಸರು ಅದನ್ನೇ ಮಾತಾಡಿಕೊಂಡರು.

ಪೈಟಸ್ ಅಲ್ಲೇ ನಿಂತು ಹೇಳಿದ: "ನಮ್ಮಪ್ಪನ ಆಳಾಗಿದ್ದೋನು ಇನ್ಮೇಲೆ ನಮ್ಮ ಮನೆಗೆ ಸೇರಿದೋನು. ಮೂರು ದಿನಕ್ಕೊಂದು ಬೆಳಿಗ್ಗೆ ಬಂದು ನನಗೆ ಉಡಿಸು." ಬಿಡುಗಡೆಯಾದವನು ಹಳೆಯ ಮನೆಗೆ ಸೇವೆ ಮಾಡಬೇಕೆಂಬುದು ಕಾನೂನು. ಥಲ್ಲಸ್ ಒಪ್ಪಿದ.

ಪೂರ್ತಿ ಪ್ರಜೆಯಾಗಲು ಅವನಿಗೆ ಇದ್ದದ್ದು ಒಂದೇ ದಾರಿ. ಏಳು ಜನ ಪ್ರಜೆಗಳ ಸಾಕ್ಷಿಯಲ್ಲಿ ಮದುವೆಯಾಗಬೇಕು. ಮಗು ಹುಟ್ಟಬೇಕು. ಆ ಮಗು ಒಂದು ವರ್ಷ ಬದುಕಬೇಕು. ಆಮೇಲೆ ಅದನ್ನು ನ್ಯಾಯಾಧಿಕಾರಿಗೆ ತೋರಿಸಿದರೆ ತಂದೆ, ತಾಯಿ, ಮಗು ಮೂವರೂ ರೋಮಿನ ಪ್ರಜೆಗಳು.

ಹಿಲಾರಾ ನಮ್ಮ ಬೀದಿಯ ತುದಿಯಲ್ಲಿ ಬೇಯಿಸಿದ ಕಡಲೆ ಮಾರುತ್ತಿದ್ದವಳು. ಅವಳೂ ಥಲ್ಲಸನ ಹಾಗೆ ಅರ್ಧ ಬಿಡುಗಡೆಯವಳೇ. ಅವನು ಅವಳನ್ನು ಕೇಳಿದ್ದು ನನ್ನೆದುರಿಗೇ.

"ನನ್ನ ಮದುವೆ ಆಗ್ತೀಯಾ?"

"ನಿಂಗೆ ಬೇಕಾಗಿರೋದು ಹೆಂಡತಿಯೋ, ಟೋಗಾನೋ?"

"ಎರಡೂ."

"ಸುಳ್ಳು ಹೇಳಲಿಲ್ಲವಲ್ಲ, ಪುಣ್ಯಾತ್ಮ. ಆಗ್ತೀನಿ."

ನಮ್ಮ ಓಣಿಯಲ್ಲಿ ಏಳು ಜನ ಪ್ರಜೆಗಳನ್ನು ಹುಡುಕುವುದೇ ಒಂದು ಪಾಡಾಯಿತು. ಹಗ್ಗ ಮಾರುವವನು, ಕ್ಷೌರದವನು, ಮೀನಿನ ರಸ ಮಾರುವವನು, ದೋಣಿಯ ಸರಕು ಇಳಿಸುವ ಇಬ್ಬರು ಅಣ್ಣತಮ್ಮಂದಿರು, ಚಿತೆಗೆ ಸೌದೆ ಒಟ್ಟುವವನು. ಏಳನೆಯವನು ನಾನು. ಮೇಣದ ಹಲಗೆಯ ಮೇಲೆ ಎಲ್ಲರೂ ಮುದ್ರೆ ಒತ್ತಿದೆವು.

ಗಂಡುಮಗು ಹುಟ್ಟಿತು. ಥಲ್ಲಸ್ ಗೂಡಿನ ಗೋಡೆಯ ಮೇಲೆ ಇದ್ದಿಲಿನಿಂದ ದಿನಕ್ಕೊಂದು ಗೀಟು ಎಳೆಯುತ್ತ ಹೋದ. ಹನ್ನೊಂದನೇ ತಿಂಗಳು ಮಗುವಿಗೆ ಭೇದಿ ಶುರುವಾಗಿ ನಾಲ್ಕೇ ದಿನಕ್ಕೆ ಹೋಯಿತು. ಇನ್ನೂ ಮೂವತ್ತೆಂಟು ದಿನ ಬಾಕಿ ಇದ್ದವು. ಹೂಳಿ ಬಂದ ದಿನವೇ ಪೈಟಸನ ಆಳು ಬಂದು ನಿಂತ. "ನಾಳೆ ಬೆಳಿಗ್ಗೆ ಉಡಿಸೋಕೆ ಬರಬೇಕಂತೆ. ಮರೀಬೇಡ ಅಂದ್ರು."

ನಾನು ಅವನಿಗೆ ಹೊಡೆಯಲು ಎದ್ದಿದ್ದೆ. ಥಲ್ಲಸ್ ತಡೆದ. ಮಾರನೇ ದಿನ ಹೋಗಿ ಉಡಿಸಿ ಬಂದ. ಬಂದವನು ಒದ್ದೆ ಬಟ್ಟೆಯಿಂದ ಗೋಡೆಯ ಗೀಟುಗಳನ್ನು ಉಜ್ಜತೊಡಗಿದ. ಗೀಟು ಹೋದರೂ ನಿಲ್ಲಿಸಲಿಲ್ಲ. ಗಾರೆ ಕಿತ್ತು ಬರುವವರೆಗೆ ಉಜ್ಜಿದ.

ಎರಡು ವರ್ಷದ ಮೇಲೆ ಹೆಣ್ಣು ಹುಟ್ಟಿತು. ವಿಬಿಯಾ ಎಂದು ಹೆಸರಿಟ್ಟರು. ಬಿಡುಗಡೆಯಾದವನಿಗೆ ಹಳೆಯ ದಣಿಯ ಮನೆತನದ ಹೆಸರೇ ಅಂಟಿಕೊಂಡಿರುತ್ತದಲ್ಲ, ಮಗಳಿಗೂ ಅದೇ ಬರಬೇಕು. "ನನ್ನ ಮಗಳನ್ನ ಕರೆದಾಗಲೆಲ್ಲ ಆ ಮುದುಕ ನೆನಪಾಗ್ತಾನೆ," ಎಂದು ಥಲ್ಲಸ್ ಗೊಣಗುತ್ತಿದ್ದ. ಈ ಸಲ ಗೋಡೆಯ ಮೇಲೆ ಏನನ್ನೂ ಬರೆಯಲಿಲ್ಲ.

ಮಗುವಿಗೆ ಎಂಟು ತಿಂಗಳಾಗಿದ್ದಾಗ ಪೈಟಸ್ ಒಂದು ಔತಣ ಇಟ್ಟುಕೊಂಡ. ಥಲ್ಲಸನನ್ನೂ ಕರೆಸಿದ. ಮಾಂಸ ಮುಗಿದ ಮೇಲೆ ತನ್ನದೇ ಟೋಗಾ ತರಿಸಿ, "ಇದನ್ನ ಉಟ್ಕೊಂಡು ನಮ್ಮಪ್ಪನ ಹಾಗೆ ವಾದ ಮಾಡಿ ತೋರಿಸು," ಎಂದ.

"ಬೇಡ ದಣಿ. ನಂಗೆ ಹಕ್ಕಿಲ್ಲ."

"ನನ್ನ ಮನೇಲಿ ನಾನು ಹೇಳಿದ್ದೇ ಹಕ್ಕು. ಉಡು."

ಇಪ್ಪತ್ತು ಜನ ಒರಗಿಕೊಂಡು ನೋಡುತ್ತಿದ್ದರು. ಇಬ್ಬರು ಆಳುಗಳು ಅವನ ಮೇಲೆ ಬಟ್ಟೆ ಸುತ್ತಿದರು. ಕುಳ್ಳನಾದ್ದರಿಂದ ಅದು ಕಾಲಿಗೆ ತೊಡರಿ ಒಮ್ಮೆ ಬಿದ್ದ. ನಗುವಿನ ಅಬ್ಬರ. ಯಾರೋ ಅಂಜೂರದ ಹಣ್ಣು ಎಸೆದರು. ಹುಟ್ಟಿದಾಗಿನಿಂದ ಅವನು ಮೊದಲ ಸಲ ಟೋಗಾ ಉಟ್ಟದ್ದು ಹಾಗೆ. ಇದನ್ನು ನನಗೆ ಹೇಳುವಾಗ ಅವನು ಕೂಗಾಡಲಿಲ್ಲ. ಅವನು ಕೂಗದೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ನನಗೆ ಹೆದರಿಕೆಯಾಯಿತು.

ಮಗುವಿಗೆ ವರ್ಷ ತುಂಬಿತು. ಥಲ್ಲಸ್ ನ್ಯಾಯಾಧಿಕಾರಿಯ ಕಚೇರಿಯಲ್ಲಿ ಹೆಸರು ಬರೆಸಿದ. ವಾರದೊಳಗೆ ಸುದ್ದಿ ಬಂತು: ಪೈಟಸ್ ತಕರಾರು ಹಾಕಿದ್ದಾನೆ. ಈ ಮನುಷ್ಯ ಹಕ್ಕಿಲ್ಲದೆ ಟೋಗಾ ಉಟ್ಟು ಪ್ರಜೆಯ ವೇಷ ಹಾಕಿದವನು, ಇಪ್ಪತ್ತು ಜನ ಕಣ್ಣಾರೆ ಕಂಡಿದ್ದಾರೆ, ಇವನ ಅರ್ಜಿ ತಳ್ಳಿಹಾಕಬೇಕು. ಯಾಕೆಂದು ನಮಗೆಲ್ಲ ಗೊತ್ತಿತ್ತು. ಥಲ್ಲಸ್ ಅರ್ಧ ಬಿಡುಗಡೆಯಲ್ಲೇ ಸತ್ತರೆ ಗೂಡು, ಹಲಗೆ, ಪಾತ್ರೆ ಎಲ್ಲ ಪೈಟಸನಿಗೆ. ಅಷ್ಟು ದೊಡ್ಡ ಮನೆಯವನಿಗೆ ಒಬ್ಬ ಕಡಲೆ ಮಾರುವವಳ ಪಾತ್ರೆಯ ಮೇಲೆ ಕಣ್ಣು!

ವಿಚಾರಣೆಯ ದಿನ ಬೆಳಿಗ್ಗೆ ನಾವು ಏಳು ಜನ ಸಾಕ್ಷಿಗಳು ನನ್ನ ಅಂಗಡಿಯಲ್ಲಿ ಸೇರಿದೆವು. ನ್ಯಾಯಾಧಿಕಾರಿಯ ಮುಂದೆ ಪ್ರಜೆಗಳು ಟೋಗಾದಲ್ಲೇ ನಿಲ್ಲಬೇಕು. ನಮ್ಮವು ನೋಡುವ ಹಾಗಿರಲಿಲ್ಲ. ನನ್ನದಕ್ಕೆ ನುಸಿ ಹಿಡಿದಿತ್ತು. ಸೌದೆಯವನದಕ್ಕೆ ಕಿಡಿ ಬಿದ್ದು ಅಂಗೈಯಗಲ ತೂತಾಗಿತ್ತು. ಅಣ್ಣತಮ್ಮಂದಿರು ತಂದದ್ದು ಯಾರದ್ದೋ ಎರವಲು. ಥಲ್ಲಸ್ ಒಬ್ಬೊಬ್ಬರನ್ನೇ ನಿಲ್ಲಿಸಿ ಬೈಯುತ್ತ ಉಡಿಸತೊಡಗಿದ.

"ಹೊಟ್ಟೆ ಒಳಕ್ಕೆಳ್ಕೋ. ಅಲ್ಲಾಡ್ಬೇಡ. ಕತ್ತೆ ಕೂಡ ನಿನಗಿಂತ ನೆಟ್ಟಗೆ ನಿಲ್ಲತ್ತೆ."

"ಸುಟ್ಟ ತೂತು ಕಾಣತ್ತಲ್ಲೋ ಥಲ್ಲಸ್?"

"ನಾನು ಉಡಿಸಿದ್ರೂ ಕಾಣತ್ತಾ? ಬಾಯಿ ಮುಚ್ಕೊಂಡು ನಿಂತ್ಕೋ."

ಆಗ ಪೈಟಸನ ಆಳು ಓಡಿಬಂದ. "ಥಲ್ಲಸ್, ಇವತ್ತು ನಿನ್ನ ಸರದಿ. ದಣಿ ಕಚೇರಿಗೆ ಹೊರಡಬೇಕು, ಉಡಿಸೋಕೆ ಬೇಗ ಬಾ."

ತನ್ನ ಮೇಲೆ ದೂರು ಹೇಳಲು ಹೊರಟವನಿಗೆ ತಾನೇ ಉಡಿಸಬೇಕಂತೆ! ಥಲ್ಲಸ್ ನನ್ನ ಎದೆಯ ಮೇಲಿನ ಮಡಿಕೆಯಿಂದ ಕೈ ತೆಗೆಯಲಿಲ್ಲ.

"ಹೋಗಿ ಹೇಳು. ಇವತ್ತು ನಂಗೆ ಏಳು ಜನ ಇದಾರೆ. ಅವನು ಎಂಟನೇಯೋನು. ಕಾಯ್ಲಿ."

ನಾವು ಕಚೇರಿಗೆ ನಡೆದು ಹೋದಾಗ ಬೀದಿಯೇ ಸರಿದು ದಾರಿ ಬಿಟ್ಟಿತು. ಮೀನಿನ ರಸದವನಿಗೆ ಯಾರೋ ಕೈಮುಗಿದರು. ಏಳು ಟೋಗಾಗಳ ಹಿಂದೆ ಬರೀ ಅಂಗಿಯಲ್ಲಿ ಥಲ್ಲಸ್, ಅವನ ಪಕ್ಕ ಮಗು ಎತ್ತಿಕೊಂಡ ಹಿಲಾರಾ.

ಪೈಟಸ್ ತಡವಾಗಿ ಬಂದ. ಯಾರೋ ಆಳು ಹೇಗೋ ಸುತ್ತಿ ಕಳಿಸಿದ್ದ. ಮಾತಿಗೆ ಕೈ ಎತ್ತಿದಾಗಲೆಲ್ಲ ಬಟ್ಟೆ ಜಾರುತ್ತಿತ್ತು. ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡು ಇನ್ನೊಂದರಲ್ಲಿ ಥಲ್ಲಸನನ್ನು ತೋರಿಸುತ್ತ ದೂರು ಹೇಳಿದ.

ನ್ಯಾಯಾಧಿಕಾರಿ ಗಡ್ಡ ಕೆರೆಯುತ್ತ ಕೇಳಿದ. "ಟೋಗಾ ಉಟ್ಟಿದ್ದೆಯೇನಯ್ಯಾ?"

"ಉಟ್ಟಿದ್ದೆ ಸ್ವಾಮಿ."

ಹಿಲಾರಾ ಕಣ್ಣು ಮುಚ್ಚಿಕೊಂಡಳು.

"ಯಾರ ಟೋಗಾ ಅಂತ ಕೇಳಿ ಸ್ವಾಮಿ. ಯಾರ ಮನೇಲಿ ಅಂತ ಕೇಳಿ. ಬೇಡ ಅಂದವನಿಗೆ ಉಡು ಅಂದೋರು ಯಾರು ಅಂತ ಕೇಳಿ. ಅಂಜೂರ ಎಸೆದೋರ ಹೆಸರು ಬೇಕಾದ್ರೆ ಅದನ್ನೂ ಹೇಳ್ತೀನಿ!"

"ಅದು ತಮಾಷೆಗೆ," ಎಂದ ಪೈಟಸ್.

"ತಮಾಷೆ ಯಾರದ್ದು?" ಎಂದು ನ್ಯಾಯಾಧಿಕಾರಿ ಕೇಳಿದ.

"ನನ್ನದು. ಆದರೆ..."

"ನಿಮ್ಮ ತಮಾಷೆಗೆ ಅವನು ಅಪರಾಧಿ ಹೇಗಾಗ್ತಾನೆ?"

ಪೈಟಸ್ ಉತ್ತರಕ್ಕೆಂದು ಕೈ ಎತ್ತಿದ. ಬಟ್ಟೆ ಮತ್ತೆ ಜಾರಿತು. ಹಿಂದೆ ನಿಂತ ಜನ ಕಿಸಕ್ಕೆಂದರು.

ಆಮೇಲೆ ನಮ್ಮ ಸರದಿ. ಮುದ್ರೆ ನಿನ್ನದೇ ತಾನೇ ಎಂದು ನ್ಯಾಯಾಧಿಕಾರಿ ಕೇಳಿದ. ಹೌದು ಎಂದಷ್ಟೇ ಹೇಳಬೇಕಿತ್ತು. ನನ್ನ ಬಾಯಿ ನಿಲ್ಲಲಿಲ್ಲ. "ನಂದೇ ಸ್ವಾಮಿ. ನಾನು ಹುಟ್ಟಿನಿಂದ ಪ್ರಜೆ. ನಮ್ಮಪ್ಪನ ಟೋಗಾನ ಚರ್ಮಕ್ಕೆ ಹೊದಿಸಿಟ್ಟಿದ್ದೆ. ನನ್ನಂಥೋನಿಗೆ ಈ ಹಕ್ಕು ಬಿಟ್ಟಿಯಾಗಿ ಸಿಗತ್ತೆ, ಇವನಿಗೆ ಮಗು ವರ್ಷ ಬದುಕಿ ತೋರಿಸಬೇಕು! ಇದೆಂಥಾ..."

"ಸಾಕು ಕೂತ್ಕೋ, ಮೆಟ್ಟಿನೋನೇ."

ಕೂತೆ. ಗುಮಾಸ್ತ ಜನನದ ಹಲಗೆ ನೋಡಿ ದಿನ ಎಣಿಸಿದ. ಒಂದು ವರ್ಷದ ಮೇಲೆ ಒಂಬತ್ತು ದಿನ. ಮಗುವನ್ನು ತೋರಿಸಿ ಎಂದರು. ಹಿಲಾರಾ ಎತ್ತಿ ಹಿಡಿದಳು. ಗುಮಾಸ್ತ ಮುಟ್ಟಲು ಬಂದ, ಮಗು ಅವನ ಬೆರಳು ಕಚ್ಚಿತು.

"ಜೀವ ಇದೆ ಅಂತ ಬರ್ಕೋ," ಎಂದ ನ್ಯಾಯಾಧಿಕಾರಿ. ನಮ್ಮ ಏಳು ಜನರ ಕಡೆ ಒಮ್ಮೆ ನೋಡಿ ತೀರ್ಪು ಹೇಳಿದ. ಮೂವರೂ ರೋಮಿನ ಪ್ರಜೆಗಳು.

ನಾವು ಕುಣಿದಾಡುತ್ತ ಹಿಂದಿರುಗಿದೆವು. ಹಗ್ಗದವನು ಹಾಡತೊಡಗಿದ. ಥಲ್ಲಸ್ ಮಾತ್ರ ಹಿಂದೆ ಹಿಂದೆ ಬರುತ್ತಿದ್ದ. ನಮ್ಮ ಓಣಿಯ ತಿರುವಿನಲ್ಲಿ ನಿಂತು ಅಂಗೈಯಿಂದ ಗೋಡೆಗೆ ಫಟೀರನೆ ಹೊಡೆದ.

"ಮೂವತ್ತೆಂಟು ದಿನ, ಪೆಡಿಯಸ್! ಅವನು ಇನ್ನು ಮೂವತ್ತೆಂಟು ದಿನ ಉಸಿರಾಡಿದ್ರೆ ನಾನು ಆಗಲೇ ಮನುಷ್ಯ ಆಗ್ತಿದ್ದೆ. ಅವನು ಸತ್ತಾಗ ನಾನು ಅತ್ತಿದ್ದು ಯಾರಿಗೆ? ಮಗನಿಗೋ, ಆ ದಿನಗಳಿಗೋ? ಇವತ್ತಿಗೂ ಗೊತ್ತಿಲ್ಲ. ಒಬ್ಬ ಅಪ್ಪನನ್ನ ಈ ಸ್ಥಿತಿಗೆ ತಂದಿಡ್ತಾರಲ್ಲ, ಅವರ ಮನೆ ಹಾಳಾಗ!"

ಹಿಲಾರಾ ಅವನ ಕೈ ಹಿಡಿದು ನೋಡಿದಳು. ಚರ್ಮ ಸುಲಿದಿತ್ತು. "ಮಗನಿಗೇ ಅತ್ತಿದ್ದು. ನಾನು ನೋಡಿದೀನಿ. ನಡಿ ಈಗ," ಎಂದಳು.

ಅವಳು ವರ್ಷವಿಡೀ ಕಡಲೆಯ ಮಡಕೆಯ ಪಕ್ಕ ಕೂತು ನೂತು, ನೇಕಾರನ ಹತ್ತಿರ ನೇಯಿಸಿ, ಯಾರಿಗೂ ಹೇಳದೆ ಮುಚ್ಚಿಟ್ಟಿದ್ದಳು. ಮಾರನೇ ಬೆಳಿಗ್ಗೆ ಆ ಹೊಸ ಟೋಗಾ ಥಲ್ಲಸನ ತೊಡೆಯ ಮೇಲಿತ್ತು. ಅವನು ನನ್ನನ್ನು ಕರೆದ. ಎಂಥ ಕೈಗಾರನೂ ಅದನ್ನು ತನಗೆ ತಾನೇ ಚೆನ್ನಾಗಿ ಉಟ್ಟುಕೊಳ್ಳಲಾರ, ಇನ್ನೊಬ್ಬರು ಬೇಕು. ನನ್ನ ಒರಟು ಕೈಗೆ ಅದು ಎಲ್ಲಿ ಬಗ್ಗಬೇಕು! ನಾಲ್ಕು ಸಲ ಸುತ್ತಿ ನಾಲ್ಕು ಸಲ ಬಿಚ್ಚಿದೆ. ಅವನು ನನ್ನ ತಾಯಿ, ಅಜ್ಜಿ, ಕುಲದೇವರು ಯಾರನ್ನೂ ಬಿಡದೆ ಬೈದ. ಐದನೇ ಸಲಕ್ಕೆ, "ಇರಲಿ ಬಿಡು, ಹೋಗ್ಬೇಕು," ಎಂದ.

"ಎಲ್ಲಿಗೆ?"

"ಪೈಟಸನ ಮನೆಗೆ. ನಿನ್ನೆ ತಪ್ಪಿಸಿದ ಸರದಿ ಇದೆಯಲ್ಲ."

ನಾನೂ ಜೊತೆಗೆ ಹೋದೆ. ಅಂಗಳದಲ್ಲಿ ನಮಸ್ಕಾರ ಹೇಳುವವರ ಸಾಲಿತ್ತು. ಥಲ್ಲಸ್ ಸಾಲಿನಲ್ಲಿ ನಿಂತ. ಪೈಟಸ್ ಹೊರಗೆ ಬಂದವನು ಅವನನ್ನು ನೋಡಿ ನಕ್ಕ.

"ಓಹೋ, ಹೊಸ ಪ್ರಜೆಗಳು! ಬಾ, ಮೊದಲು ನನ್ನದನ್ನ ಸರಿ ಮಾಡು."

ಥಲ್ಲಸ್ ಎಡಗೈಯನ್ನು ತೋರಿಸಿದ. ಮೊಣಕೈವರೆಗೆ ಬಟ್ಟೆಯ ಭಾರ ಹೊತ್ತು ಅದು ಎದೆಗೆ ಮಡಚಿಕೊಂಡಿತ್ತು.

"ಆಗಲ್ಲ. ಈ ಕೈ ಖಾಲಿ ಇಲ್ಲ, ನೋಡು. ಟೋಗಾ ಉಟ್ಟೋನು ಇನ್ನೊಬ್ಬನಿಗೆ ಉಡಿಸೋಕಾಗಲ್ಲ."

'ನೋಡು' ಅಂದ. ಮೂವತ್ತು ವರ್ಷ 'ದಣಿ' ಅಂದ ಬಾಯಿಯಿಂದ.

"ಕೃತಘ್ನ ಅಂತ ಕೇಸು ಹಾಕ್ತೀನಿ!" ಎಂದು ಪೈಟಸ್ ಕಿರುಚಿದ.

"ಹಾಕು. ನಾನೂ ಬರ್ತೀನಿ, ನೀನೂ ಬಾ. ಬರೋವಾಗ ಸರಿಯಾಗಿ ಉಟ್ಕೊಂಡು ಬಾ." ತಲೆ ಬಾಗಿಸಿ ಕಾನೂನು ಕೇಳುವಷ್ಟು ನಮಸ್ಕಾರ ಹೇಳಿ ಹೊರಗೆ ಬಂದ.

ಪೈಟಸ್ ನಿಜವಾಗಿಯೂ ಕೇಸು ಹಾಕಿದ. ಎರಡು ವರ್ಷ ಎಳೆದಾಡಿ, ತಿಂಗಳಿಗೊಮ್ಮೆ ಹೋಗಿ ನಮಸ್ಕಾರ ಹೇಳಿದರೆ ಸಾಕು, ಉಡಿಸಬೇಕಿಲ್ಲ ಎಂದು ತೀರ್ಮಾನವಾಯಿತು. ಥಲ್ಲಸ್ ತಿಂಗಳಿಗೊಮ್ಮೆ ಹಲ್ಲು ಕಚ್ಚಿಕೊಂಡು ಹೋಗಿ ಬರುತ್ತಿದ್ದ. ಆ ದಿನ ಅವನ ಹತ್ತಿರ ನಾವ್ಯಾರೂ ಮಾತಿಗೆ ಹೋಗುತ್ತಿರಲಿಲ್ಲ. ಸಿಟ್ಟು ಇಳಿಯಿತೇ ಎಂದು ಕೇಳಬೇಡಿ. ಆ ತೀರ್ಮಾನದ ಮೇಲೆ ಎಂಟು ವರ್ಷ ಬದುಕಿದ, ಒಂದು ದಿನವೂ ಇಳಿಯಲಿಲ್ಲ. ಇಳಿಯಲೇಬೇಕಾದ ಸಿಟ್ಟು ಅದಾಗಿತ್ತೆಂದು ನನಗೂ ಅನ್ನಿಸುವುದಿಲ್ಲ.

ಹೋದ ಚಳಿಗಾಲ ಕೆಮ್ಮು ಹತ್ತಿ ತೀರಿಕೊಂಡ. ಗೂಡು, ಹಲಗೆಗಳು, ಹಿಲಾರಾಳ ಪಾತ್ರೆಗಳು ಇದ್ದಲ್ಲೇ ಇವೆ. ವಿಬಿಯಾಗೆ ಈಗ ಹನ್ನೊಂದು ವರ್ಷ. ಬೆಳಿಗ್ಗೆ ತಾಯಿಯ ಕಡಲೆ ಮಡಕೆಯ ಪಕ್ಕ ಕೂತು ಗಿರಾಕಿಗಳ ಜೊತೆ ಜಗಳವಾಡುತ್ತಾಳೆ. ಕೆಲವೊಮ್ಮೆ ಪೈಟಸನ ಪಲ್ಲಕ್ಕಿ ನಮ್ಮ ಬೀದಿಯಲ್ಲಿ ಹಾದುಹೋಗುತ್ತದೆ. ಉಳಿದವರು ಎದ್ದು ನಿಲ್ಲುತ್ತಾರೆ. ಆ ಹುಡುಗಿ ಏಳುವುದಿಲ್ಲ. ನಾನೂ ಅವಳಿಗೆ ಏಳು ಎಂದು ಹೇಳುವುದಿಲ್ಲ.